ಫುಲ್ ಸಿಂಥೆಟಿಕ್, 15,000 ಕಿ.ಮೀ. ತನಕ ಮುಟ್ಟಬೇಡಿ ಅಂತಾರೆ. ಆದ್ರೆ ಕಡ್ಡೀಲಿ ಆಯಿಲ್ ಏರ್ತಾ ಇದೆ!

ಎರಡನೇ_ಗೇರು

ಎಲ್ರಿಗೂ ನಮಸ್ಕಾರ. ಇಲ್ಲಿ ಓದೋಕೆ ಶುರು ಮಾಡಿ ವರ್ಷ ಆಯ್ತು, ಬರೀತಿರೋದು ಇದೇ ಮೊದಲು.

ನಂದು 1.2 ಲೀಟರ್ ಟರ್ಬೊ ಪೆಟ್ರೋಲ್ ಕಾರು, ಡೈರೆಕ್ಟ್ ಇಂಜೆಕ್ಷನ್, ಈಗ ನಾಲ್ಕನೇ ವರ್ಷ. ಹೋದ ಸರ್ವಿಸ್‌ನಲ್ಲಿ ಫುಲ್ ಸಿಂಥೆಟಿಕ್ 5ಡಬ್ಲ್ಯೂ-30 ಹಾಕಿದ್ರು. ಕೌಂಟರಲ್ಲಿದ್ದವರು "ಸರ್, ಇದು ಸಿಂಥೆಟಿಕ್ಕು, 15,000 ತನಕ ಯೋಚ್ನೇನೇ ಮಾಡ್ಬೇಡಿ" ಅಂದ್ರು. ಗಾಡಿ ಜೊತೆ ಬಂದ ಪುಸ್ತಕದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ ಅಂತಿದೆ. ಮಾವನವರು ಅವರ ಕಾಲದಿಂದಲೂ 5,000ಕ್ಕೆ ಬದಲಾಯಿಸ್ತಾ ಬಂದವರು, "ಎಂಜಿನ್ ಸಾಯಿಸ್ತೀಯಾ" ಅಂತ ಸಿಕ್ಕಾಗೆಲ್ಲ ಬೈತಾರೆ.

ಆಯಿಲ್ ಹಾಕ್ಸಿ ಹನ್ನೊಂದು ತಿಂಗಳಾಯ್ತು, ಓಡಿರೋದು ಬರೀ 5,200 ಕಿ.ಮೀ. ಆಫೀಸು, ಮಗಳ ಸ್ಕೂಲು, ಇಷ್ಟೇ. ಯಾವ ಓಟನೂ ಒಂದೇ ಸಲಕ್ಕೆ 5 ಕಿ.ಮೀ. ದಾಟಲ್ಲ. ಮೊನ್ನೆ ಭಾನುವಾರ ಸುಮ್ನೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಎಳೆದು ನೋಡಿದೆ. ಸರ್ವಿಸ್ ಆದಾಗ ಮೇಲಿನ ಗೆರೆಗೆ ಸರಿಯಾಗಿತ್ತು, ಫೋಟೊ ತೆಗೆದಿಟ್ಟಿದ್ದೆ. ಈಗ ಗೆರೆ ದಾಟಿ ಮೂರು ನಾಲ್ಕು ಮಿಲಿಮೀಟರ್ ಮೇಲಿದೆ. ನಡುವೆ ಯಾರೂ ಒಂದು ಹನಿ ಹಾಕಿಲ್ಲ. ಆಯಿಲ್ ಹಾಕೋ ಮುಚ್ಚಳ ತೆಗೆದ್ರೆ ಒಳಗಡೆ ಕಂದು ಬಿಳುಪಿನ ಕೆನೆ ಥರ ಏನೋ ಅಂಟ್ಕೊಂಡಿದೆ.

ಯಾರ ಮಾತು ಕೇಳ್ಲಿ? ಇನ್ನೂ 9,800 ಕಿ.ಮೀ. ಬಾಕಿ ಇದೆ ಅಂತ ಸುಮ್ನಿರ್ಲಾ?

ಗ್ರೀಸ್‌ಕೈ

ಸರ್, 15,000 ಕಥೆ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡಿ: ಕಡ್ಡಿ ಮೂಗಿನ ಹತ್ರ ಹಿಡಿದ್ರೆ ಪೆಟ್ರೋಲ್ ವಾಸನೆ ಬರುತ್ತಾ? ಕೂಲಂಟ್ ಬಾಟ್ಲಿಯಲ್ಲಿ ಮಟ್ಟ ಇಳಿದಿದ್ಯಾ? ನೋಡಿದಾಗ ಗಾಡಿ ಸಮತಟ್ಟು ಜಾಗದಲ್ಲಿತ್ತಾ?

ಆಯಿಲ್ ಕಡಿಮೆ ಆಯ್ತು ಅಂತ ದಿನಾ ಒಬ್ರು ಬರ್ತಾರೆ. ಜಾಸ್ತಿ ಆಯ್ತು ಅಂತ ಬರೋರು ಕಡಿಮೆ, ಯಾಕಂದ್ರೆ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಅಂದ್ಕೊಂಡು ಬಾನೆಟ್ ಮುಚ್ತಾರೆ. ಆಯಿಲ್ ತಾನಾಗಿ ಹೆಚ್ಚಲ್ಲ. ಹೆಚ್ಚಿದೆ ಅಂದ್ರೆ ಬೇರೆ ಏನೋ ಬಂದು ಸೇರ್ಕೊಂಡಿದೆ. ಒಂದೋ ಪೆಟ್ರೋಲು, ಇಲ್ಲಾ ನೀರು, ಇಲ್ಲಾ ಕೂಲಂಟು. ಮೂರನೇದಾದ್ರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲು) ನೋಡ್ಬೇಕಾಗುತ್ತೆ. ಅದಕ್ಕೇ ಕೇಳಿದ್ದು.

ಎರಡನೇ_ಗೇರು

ಈಗಷ್ಟೇ ಕೆಳಗೆ ಹೋಗಿ ನೋಡ್ಕೊಂಡು ಬಂದೆ. ಕೂಲಂಟ್ ಹಾಗೇ ಇದೆ, ಒಂದು ಕೂದಲೆಳೆಯೂ ಇಳಿದಿಲ್ಲ. ಪಾರ್ಕಿಂಗ್ ಜಾಗ ಸಮತಟ್ಟು, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡಿದ್ದು. ವಾಸನೆ... ಹೌದು, ಪೆಟ್ರೋಲ್ ಬಂಕಲ್ಲಿ ನಿಂತ ಹಾಗೆ. ಇಷ್ಟು ದಿನ ಗಮನಕ್ಕೇ ಬಂದಿರ್ಲಿಲ್ಲ.

ಗ್ರೀಸ್‌ಕೈ

ಹಂಗಾದ್ರೆ ಪೆಟ್ರೋಲು. ಗಾಬರಿ ಬೇಡ, ಎಂಜಿನ್ ಕೆಟ್ಟಿಲ್ಲ. ನಿಮ್ಮ ಓಟದ ಗುಣ ಅದು.

ಡೈರೆಕ್ಟ್ ಇಂಜೆಕ್ಷನ್ ಅಂದ್ರೆ ಪೆಟ್ರೋಲನ್ನ ಸೀದಾ ಸಿಲಿಂಡರ್ ಒಳಗೇ ಸಿಂಪಡಿಸೋದು. ತಣ್ಣಗಿರೋ ಎಂಜಿನ್‌ಗೆ ಜಾಸ್ತಿ ಪೆಟ್ರೋಲ್ ಬೇಕು, ಅದು ಪೂರ್ತಿ ಉರಿಯಲ್ಲ, ಗೋಡೆಗೆ ಅಂಟಿ ರಿಂಗ್ ಸಂದಿಯಿಂದ ಕೆಳಗೆ ಸಂಪ್‌ಗೆ, ಅಂದ್ರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತೆ. ಉದ್ದ ಓಡಿಸಿದ್ರೆ ಆಯಿಲ್ ಚೆನ್ನಾಗಿ ಬಿಸಿಯಾಗಿ ಅದರಲ್ಲಿ ಬಹುಪಾಲು ಆವಿಯಾಗಿ ಹೋಗುತ್ತೆ. ನೀವು 4 ಕಿ.ಮೀ.ಗೆ ಆಫ್ ಮಾಡ್ತೀರಿ. ಮೀಟರಲ್ಲಿ ಬಿಸಿಯ ಮುಳ್ಳು ಮಧ್ಯಕ್ಕೆ ಬಂದಿರುತ್ತೆ, ಎಂಜಿನ್ ಬಿಸಿ ಆಯ್ತು ಅನ್ಸುತ್ತೆ. ಆ ಮುಳ್ಳು ಹೇಳೋದು ಕೂಲಂಟ್ ಕಥೆ, ಆಯಿಲ್ ಕಥೆ ಅಲ್ಲ. ಆಯಿಲ್ ಪೂರ್ತಿ ಬಿಸಿಯಾಗೋಕೆ ಇನ್ನೂ ಬಹಳ ಹೊತ್ತು ಬೇಕು.

ಮುಚ್ಚಳದ ಕೆನೆ ನೀರಿಂದು. ಅದೂ ಇದೇ ಕಾರಣ.

ಹಳೇಡೀಸೆಲ್

ಏನು ಮಾರಾಯ್ರೆ, ಹೊಸಬರನ್ನ ಹೆದರಿಸ್ತೀರಲ್ಲ! ನಂದು ಡೀಸೆಲ್, ಸಿಂಥೆಟಿಕ್ ಹಾಕಿ ಪ್ರತಿ ಸಲ 15,000 ತನಕ ಓಡಿಸ್ತೇನೆ, ಮೂರು ಲಕ್ಷ ಕಿ.ಮೀ. ದಾಟಿತು, ಹೆಡ್ ಬಿಚ್ಚಿಲ್ಲ. ಇವತ್ತಿಗೂ ಒಂದು ಸೆಲ್ಫ್‌ಗೆ ಸ್ಟಾರ್ಟ್. 5,000ಕ್ಕೆ ಆಯಿಲ್ ಚೆಲ್ಲುವುದು ಅಂದರೆ ಅರ್ಧ ಬರೆದ ಪುಸ್ತಕ ರದ್ದಿಗೆ ಹಾಕಿದ ಹಾಗೆ. ಆಯಿಲ್ ಮಾರುವವರಿಗೆ ಲಾಭ, ಅಷ್ಟೇ.

ಲ್ಯಾಬ್‌ಕೋಟು

ಹಳೇಡೀಸೆಲ್ ಸರ್, ನೀವು ದಿನಕ್ಕೆ ಎಷ್ಟು ಓಡಿಸುತ್ತೀರಿ? ಬಹುಪಾಲು ಹೈವೇನಾ?

ಹಳೇಡೀಸೆಲ್

ಹೈವೇಯೇ. ಒಮ್ಮೆ ಹೊರಟರೆ ಮುನ್ನೂರು ನಾನ್ನೂರು ಕಿಲೋಮೀಟರ್.

ಲ್ಯಾಬ್‌ಕೋಟು

ಹಾಗಿದ್ದರೆ ನಿಮ್ಮ ಮಾತೂ ಸರಿ, ಎರಡನೇ ಗೇರು ಅವರ ಮಾವನ ಮಾತೂ ಸರಿ. (ಲೂಬ್ರಿಕೆಂಟ್ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು ನಾನು, ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.)

ಕಿಲೋಮೀಟರ್ ಬಿಟ್ಟು ಗಂಟೆ ಲೆಕ್ಕ ಹಾಕಿ ನೋಡೋಣ. ಸರಾಸರಿ 75ರ ವೇಗದಲ್ಲಿ 15,000 ಕಿ.ಮೀ. ಅಂದರೆ ಎಂಜಿನ್ ಓಡಿದ್ದು 200 ಗಂಟೆ. ಎರಡನೇ ಗೇರು ಅವರ ಥರದ ಓಟದಲ್ಲಿ ಸರಾಸರಿ ವೇಗ 18 ದಾಟಿದರೆ ಹೆಚ್ಚು. 5,200 ಕಿ.ಮೀ. ಅಂದರೆ ಸುಮಾರು 289 ಗಂಟೆ. ಓಡೋಮೀಟರ್ ನಿಮ್ಮದಕ್ಕೆ ಮೂರು ಪಟ್ಟು ತೋರಿಸುತ್ತದೆ, ಆದರೆ ಹೆಚ್ಚು ದುಡಿದಿದ್ದು ಅವರ ಆಯಿಲ್. ಅದೂ ಅರ್ಧಂಬರ್ಧ ಬಿಸಿಯಲ್ಲಿ.

ನೀರಿನ ಲೆಕ್ಕ ಇನ್ನೂ ಸ್ವಾರಸ್ಯ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲ್‌ನಲ್ಲಿರುವ ಹೈಡ್ರೋಜನ್ ಗಾಳಿಯ ಆಕ್ಸಿಜನ್ ಜೊತೆ ಸೇರುವುದರಿಂದ. ಬಹುಪಾಲು ಸೈಲೆನ್ಸರ್ ದಾರಿ ಹಿಡಿಯುತ್ತದೆ, ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಬರುತ್ತದೆ. ಆಯಿಲ್ 100 ಡಿಗ್ರಿ ಹತ್ತಿರ ಸ್ವಲ್ಪ ಹೊತ್ತು ಇದ್ದರೆ ನೀರು ಆವಿಯಾಗಿ ಬ್ರೀದರ್‌ನಲ್ಲಿ (ಎಂಜಿನ್ ಒಳಗಿನ ಆವಿ ಹೊರಹೋಗುವ ದಾರಿ) ಹೊರಟುಹೋಗುತ್ತದೆ. ಇಲ್ಲದಿದ್ದರೆ ಅಲ್ಲೇ ಉಳಿದು ದಹನದಿಂದ ಬಂದ ಅನಿಲಗಳ ಜೊತೆ ಸೇರಿ ಆಮ್ಲವಾಗುತ್ತದೆ. ಪೆಟ್ರೋಲ್ ಇನ್ನೂ ಹಟಮಾರಿ. ಅದರ ಭಾರದ ಅಂಶಗಳು 150, 200 ಡಿಗ್ರಿ ಹತ್ತಿರ ಕುದಿಯುವಂಥವು, ಬಿಸಿ ಆಯಿಲ್‌ನಿಂದಲೂ ಪೂರ್ತಿ ಹೋಗುವುದಿಲ್ಲ.

ಆಮ್ಲವನ್ನು ತಿಂದುಹಾಕಲೆಂದೇ ಆಯಿಲ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಡಿಟರ್ಜೆಂಟ್ ಇರುತ್ತದೆ. ಆ ಶಕ್ತಿಯ ಅಳತೆಗೆ ಟಿಬಿಎನ್ ಅಂತಾರೆ. ಸಿಂಥೆಟಿಕ್ ಆಗಲಿ ಮಿನರಲ್ ಆಗಲಿ, ಮೊದಲು ಮುಗಿಯುವುದು ಈ ಸೇರ್ಪಡೆಗಳು. ಮೂಲ ಎಣ್ಣೆ ಗಟ್ಟಿಮುಟ್ಟಾಗಿಯೇ ಇರಬಹುದು, ಅದರ ಕಾವಲುಗಾರರು ಸತ್ತಿರುತ್ತಾರೆ. "ಸಿಂಥೆಟಿಕ್ ಆದ್ದರಿಂದ 15,000" ಎನ್ನುವ ವಾದ ಮುಗ್ಗರಿಸುವುದು ಇಲ್ಲೇ.

ಎರಡನೇ_ಗೇರು

289 ಗಂಟೆ ಓದಿ ತಲೆ ತಿರುಗ್ತು ಸರ್. ಮಾವನವರಿಗೆ ತೋರ್ಸಲ್ಲ, ತೋರ್ಸಿದ್ರೆ ನನ್ನ ಕಥೆ ಮುಗೀತು.

ಹಾಗಾದ್ರೆ ಸಿಂಥೆಟಿಕ್ ಅನ್ನೋದೇ ಸುಳ್ಳಾ? ಮಿನರಲ್ ಹಾಕಿ ಬೇಗ ಬೇಗ ಬದಲಾಯಿಸಿದ್ರೆ ಸಾಕಾ?

ಲ್ಯಾಬ್‌ಕೋಟು

ಸುಳ್ಳಲ್ಲ, ಆದರೆ ಆ ಪದ ನೀವು ಅಂದುಕೊಂಡಷ್ಟು ಬಿಗಿಯಾದದ್ದೂ ಅಲ್ಲ.

ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಮೂಲ ಎಣ್ಣೆಗಳನ್ನು ಐದು ಗುಂಪು ಮಾಡಿದೆ. ಒಂದು, ಎರಡು, ಮೂರನೆಯವು ಕಚ್ಚಾ ತೈಲವನ್ನೇ ಸಂಸ್ಕರಿಸಿದವು. ಮೂರನೆಯದನ್ನು ಹೈಡ್ರೋಜನ್ ಜೊತೆ ಹೆಚ್ಚು ಒತ್ತಡ, ಹೆಚ್ಚು ಬಿಸಿಯಲ್ಲಿ ಮುರಿದು ಕಟ್ಟಿರುತ್ತಾರೆ. ಅದರ ಸ್ನಿಗ್ಧತಾ ಸೂಚ್ಯಂಕ (ಬಿಸಿ ಏರಿಳಿದರೂ ದಪ್ಪ ಎಷ್ಟು ಸ್ಥಿರ ಅನ್ನುವ ಅಂಕಿ) 120 ಅಥವಾ ಮೇಲಿರಬೇಕು, ಗಂಧಕ 0.03 ಶೇಕಡ ದಾಟಬಾರದು. ನಾಲ್ಕನೆಯದು ಪಿಎಒ, ಸಣ್ಣ ಅಣುಗಳನ್ನು ಪೋಣಿಸಿ ಕಟ್ಟಿದ್ದು. ಎಸ್ಟರ್ ಮುಂತಾದ ಮಿಕ್ಕವೆಲ್ಲ ಐದನೆಯದು. ಒಂದು ಕಾಲಕ್ಕೆ ಸಿಂಥೆಟಿಕ್ ಅಂದರೆ ಪಿಎಒ, ಎಸ್ಟರ್ ಎಂದೇ ಜನರ ಮನಸ್ಸಿನಲ್ಲಿತ್ತು. ಮೂರನೇ ಗುಂಪಿನ ಎಣ್ಣೆಗೂ ಆ ಹೆಸರಿಟ್ಟರು ಅಂತ ಅಮೆರಿಕದಲ್ಲಿ ಮೊಬಿಲ್‌ನವರು ಕ್ಯಾಸ್ಟ್ರಾಲ್ ಜಾಹೀರಾತಿನ ಮೇಲೆ ತಕರಾರು ತೆಗೆದರು. 1999ರಲ್ಲಿ ಅಲ್ಲಿನ ನ್ಯಾಷನಲ್ ಅಡ್ವರ್ಟೈಸಿಂಗ್ ಡಿವಿಷನ್ ಕ್ಯಾಸ್ಟ್ರಾಲ್ ಪರವಾಗಿ ಹೇಳಿತು. ಅಲ್ಲಿಂದ ಮೂರನೇ ಗುಂಪಿನದಕ್ಕೂ "ಫುಲ್ ಸಿಂಥೆಟಿಕ್" ಅಂತ ಬರೆಯುವುದು ಮಾಮೂಲಾಯಿತು.

ಇದರಿಂದ ಮೋಸಹೋದೆ ಅಂತ ಬೇಸರ ಬೇಡ. ಒಳ್ಳೆಯ ಮೂರನೇ ಗುಂಪಿನ ಎಣ್ಣೆ ನಿಜಕ್ಕೂ ಒಳ್ಳೆಯದೇ. ಹಳೆಯ ಮಿನರಲ್‌ಗಿಂತ ಕಡಿಮೆ ಆವಿಯಾಗುತ್ತದೆ, ಬಿಸಿಗೆ ಬೇಗ ಗಟ್ಟಿಯಾಗುವುದಿಲ್ಲ, ಚಳಿಯಲ್ಲಿ ಬೇಗ ಹರಿಯುತ್ತದೆ. ನಿಮ್ಮದು ಟರ್ಬೊ. ಸಣ್ಣ ಟರ್ಬೊ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಎಂಜಿನ್ ಆರಿಸಿದ ತಕ್ಷಣ ಅಲ್ಲಿ ನಿಂತ ಆಯಿಲ್ ಕಾದ ಬಾಣಲೆಯಲ್ಲಿ ಉಳಿದ ಎಣ್ಣೆಯ ಹಾಗೆ ಕರಕಲಾಗಬಹುದು. ಅಲ್ಲಿ ಸಿಂಥೆಟಿಕ್ ಬೇಕೇ ಬೇಕು. ಅದನ್ನು ಹಾಕಿ, ಬೇಗ ಬದಲಾಯಿಸಿ. ಹಾಕುವುದು ಎಂಜಿನ್ ರಕ್ಷಣೆಗೆ, ಅವಧಿ ಎಳೆಯುವುದಕ್ಕಲ್ಲ.

ಸುಮ್ನೆ_ಓದಾಂವ

ಲ್ಯಾಬ್‌ಕೋಟು ಸರ, ಭಾಳ ಚಲೋ ಬರದ್ರಿ. ಹಂಗಾದ್ರ ಡಬ್ಬಿ ಮ್ಯಾಲ ಏನ್ ನೋಡಬೇಕ್ರಿ? ಅಂಗಡ್ಯಾಗ ನಿಂತ್ರ ಎಲ್ಲಾ ಡಬ್ಬಿನೂ ಬಂಗಾರದ ಬಣ್ಣ, ಎಲ್ಲಾದ್ರ ಮ್ಯಾಲೂ ಓಡೋ ಕುದುರಿ.

ಲ್ಯಾಬ್‌ಕೋಟು

ಕುದುರೆ ಬಿಡಿ, ಡಬ್ಬದ ಹಿಂಭಾಗ ತಿರುಗಿಸಿ. ದುಂಡನೆಯ ಬಿಲ್ಲೆ ಥರದ ಮುದ್ರೆ ಇರುತ್ತದೆ. ಮೇಲ್ಗಡೆ ಎಪಿಐ ಸರ್ವಿಸ್ ದರ್ಜೆ, ನಡುವೆ ಗ್ರೇಡ್.

ಗ್ರೇಡ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. 5ಡಬ್ಲ್ಯೂ-30ರಲ್ಲಿ ಡಬ್ಲ್ಯೂ ಅಂದರೆ ವಿಂಟರ್, ವೆಯ್ಟ್ ಅಲ್ಲ. 5ಡಬ್ಲ್ಯೂ ಆಯಿಲ್‌ನ ಚಳಿ ಸ್ಟಾರ್ಟಿಂಗ್ ಪರೀಕ್ಷೆ ನಡೆಯುವುದು ಮೈನಸ್ 30 ಡಿಗ್ರಿಯಲ್ಲಿ, 0ಡಬ್ಲ್ಯೂನದು ಮೈನಸ್ 35ರಲ್ಲಿ, 15ಡಬ್ಲ್ಯೂನದು ಮೈನಸ್ 20ರಲ್ಲಿ. ಕೊನೆಯ ಅಂಕಿ 100 ಡಿಗ್ರಿಯಲ್ಲಿ ಎಷ್ಟು ದಪ್ಪ ಅನ್ನುವುದು. 30 ಅಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ದಪ್ಪದ ಅಳತೆ) ಒಳಗೆ, 40 ಅಂದರೆ 12.5ರಿಂದ 16.3 ಒಳಗೆ. ಹಾಗಾಗಿ ಬಿಸಿಯಾದ ಮೇಲೆ 0ಡಬ್ಲ್ಯೂ-30 ಮತ್ತು 10ಡಬ್ಲ್ಯೂ-30 ಒಂದೇ ಪಟ್ಟಿಯೊಳಗೆ ಬರುತ್ತವೆ. "0ಡಬ್ಲ್ಯೂ ಅಂದರೆ ನೀರು" ಅನ್ನುವವರು ತಣ್ಣನೆಯ ಆಯಿಲ್ ನೋಡಿ ಹೇಳುತ್ತಿರುತ್ತಾರೆ, ಅಷ್ಟೇ.

ಎಪಿಐನಲ್ಲಿ ಪೆಟ್ರೋಲ್‌ಗೆ ಎಸ್ ಸಾಲು. ಎಸ್‌ಎನ್ ಬಂದದ್ದು 2010ರಲ್ಲಿ, ಎಸ್‌ಪಿ 2020ರ ಮೇನಲ್ಲಿ, ಎಸ್‌ಕ್ಯೂ 2025ರಲ್ಲಿ. ಎರಡನೇ ಗೇರು ಅವರಿಗೆ ಎಸ್‌ಪಿ ಅಥವಾ ಅದಕ್ಕಿಂತ ಹೊಸದು ಬೇಕು. ಸಣ್ಣ ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಭಾರ ಬಿದ್ದಾಗ ಸ್ಪಾರ್ಕ್ ಕೊಡುವ ಮೊದಲೇ ಉರಿ ಹತ್ತುವ ರೋಗವಿದೆ. ಪಿಸ್ಟನ್ನೇ ಸೀಳಬಹುದು. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಜಾಸ್ತಿ ಅಂತ ಗೊತ್ತಾಗಿ, ಸ್ವಲ್ಪ ಭಾಗ ಮೆಗ್ನೀಸಿಯಂಗೆ ಬದಲಾಯಿಸಿದರು. ಎಸ್‌ಪಿಯಲ್ಲಿ ಇದಕ್ಕೆಂದೇ ಪರೀಕ್ಷೆ ಇದೆ.

ಇದೆಲ್ಲಕ್ಕಿಂತ ಮೇಲೆ ನಿಮ್ಮ ಗಾಡಿಯ ಪುಸ್ತಕ. ಅದರಲ್ಲಿ ಕಂಪನಿಯ ಸ್ವಂತ ಅನುಮೋದನೆ ಸಂಖ್ಯೆ ಇದ್ದರೆ ಡಬ್ಬದಲ್ಲೂ ಅದೇ ಸಂಖ್ಯೆ ಹುಡುಕಿ.

ಹಳೇಡೀಸೆಲ್

ಅದೆಲ್ಲ ಸರಿ. ಆದರೆ ದಪ್ಪ ಆಯಿಲ್ ಹಾಕಿದರೆ ಎಂಜಿನ್ ಗಟ್ಟಿ ಅನ್ನುವುದು ಸುಳ್ಳಲ್ಲವಲ್ಲ? 20ಡಬ್ಲ್ಯೂ-50 ಹಾಕಿ ಬೆಳೆದವರು ನಾವು. ಈಗಿನ 0ಡಬ್ಲ್ಯೂ-20 ಮೈಲೇಜ್ ತೋರಿಸಲಿಕ್ಕೆ ಮಾಡಿದ್ದು.

ಗ್ರೀಸ್‌ಕೈ

ಅಣ್ಣ, ಅರ್ಧ ಒಪ್ತೀನಿ. ತೆಳು ಆಯಿಲ್ ಬಂದಿದ್ದೇ ಮೈಲೇಜ್‌ಗೆ, ಸುಳ್ಳೇನಿಲ್ಲ. ಆದ್ರೆ ಅದಕ್ಕೆ ತಕ್ಕ ಹಾಗೆ ಬೇರಿಂಗ್, ಪಂಪ್ ಎಲ್ಲಾ ಮಾಡಿರ್ತಾರೆ. ಈಗಿನ ಎಂಜಿನ್‌ನಲ್ಲಿ ವಾಲ್ವ್ ಟೈಮಿಂಗ್ ಬದಲಾಯಿಸೋದೂ ಆಯಿಲ್ ಪ್ರೆಶರ್ರೇ. ಸೂಜಿ ತೂತಿನಂಥ ದಾರಿಯಲ್ಲಿ ಹೋಗ್ಬೇಕು. ಅಲ್ಲಿ 20ಡಬ್ಲ್ಯೂ-50 ಹಾಕಿದ್ರೆ ಬೆಳಿಗ್ಗೆ ಬೆಳಿಗ್ಗೆ ಟಕಟಕ ಅಂತ ಬಡ್ಕೊಳುತ್ತೆ, ಚೆಕ್ ಎಂಜಿನ್ ಲೈಟ್ ಬರುತ್ತೆ.

ಇನ್ನೊಂದು ಹೇಳ್ತೀನಿ. ಕೆಲವು ಸಣ್ಣ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ಓಡುತ್ತೆ. ಹೋದ ವರ್ಷ ಒಂದು ಬಂತು, ಆಯಿಲ್ ಲೈಟ್ ಉರೀತಿದೆ ಅಂತ. ಕಡ್ಡಿ ನೋಡಿದ್ರೆ ಮಟ್ಟ ಸರಿಯಾಗಿದೆ. ಸಂಪ್ ಇಳಿಸಿದೆ. ಪಂಪ್‌ಗೆ ಆಯಿಲ್ ಹೀರೋ ಜಾಲರಿ ಇರುತ್ತಲ್ಲ, ಅದರ ಮುಕ್ಕಾಲು ಭಾಗ ಕಪ್ಪು ರಬ್ಬರ್ ಚೂರಿಂದ ಮುಚ್ಚಿಹೋಗಿತ್ತು. ಉಗುರಲ್ಲಿ ಕೆರೆದ್ರೆ ಎರೇಸರ್ ಪುಡಿ ಥರ ಉದುರುತ್ತೆ. ಬೆಲ್ಟ್ ಅಂಚು ನೂಲುನೂಲಾಗಿತ್ತು. ಹೇಳಿದ ಆಯಿಲ್ ಬಿಟ್ಟು ಕೈಗೆ ಸಿಕ್ಕಿದ್ದು ಹಾಕಿದ್ರು, ಅದನ್ನೂ ಎರಡು ವರ್ಷ ಬಿಟ್ಟಿದ್ರು. ಪೆಟ್ರೋಲ್ ಬೆರೆತ ಹಳೇ ಆಯಿಲಲ್ಲಿ ಆ ರಬ್ಬರು ನೆನೆದು ಊದ್ಕೊಂಡಿತ್ತು. ಅಂಥ ಎಂಜಿನ್ ಇರೋರು ಪುಸ್ತಕದ ಸ್ಪೆಸಿಫಿಕೇಶನ್ ಬಿಟ್ಟು ಆಚೀಚೆ ನೋಡ್ಲೇಬೇಡಿ.

ಲ್ಯಾಬ್‌ಕೋಟು

ದಪ್ಪದ ಪ್ರಶ್ನೆಗೆ ಒಂದು ಅಂಕಿ ಸೇರಿಸುತ್ತೇನೆ. ಬೇರಿಂಗ್ ಒಳಗೆ ನಿಜವಾಗಿ ಲೆಕ್ಕಕ್ಕೆ ಬರುವುದು 150 ಡಿಗ್ರಿಯಲ್ಲಿ, ಜೋರಾಗಿ ಉಜ್ಜಾಟ ನಡೆಯುವಾಗ ಉಳಿಯುವ ದಪ್ಪ. ಎಚ್‌ಟಿಎಚ್‌ಎಸ್ ಅಂತ ಕರೆಯುತ್ತಾರೆ. 20 ಗ್ರೇಡ್‌ಗೆ ಕನಿಷ್ಠ 2.6, 30ಕ್ಕೆ 2.9, 5ಡಬ್ಲ್ಯೂ-40ಗೆ 3.5. ಹಳೇಡೀಸೆಲ್ ಸರ್ ಅನುಮಾನ ಪಡುವುದರಲ್ಲಿ ಹುರುಳಿದೆ, ಪೆಟ್ರೋಲ್ ಬೆರೆತರೆ ಈ ಅಂಕಿ ಇಳಿಯುತ್ತದೆ. ಅಂದರೆ 30 ಅಂತ ಹಾಕಿಸಿದ್ದು ಒಳಗೆ 20ರ ಹಾಗೆ ನಡೆದುಕೊಳ್ಳುತ್ತಿರಬಹುದು. ಪುಸ್ತಕ ಎರಡು ಗ್ರೇಡ್‌ಗೆ ಅನುಮತಿ ಕೊಟ್ಟಿದ್ದರೆ ಇಂಥ ಓಟಕ್ಕೆ ದಪ್ಪದ್ದನ್ನು ಆರಿಸುವುದು ತಪ್ಪಲ್ಲ. ಅನುಮತಿ ಇಲ್ಲದಿದ್ದರೆ ಬೇಡ.

ಮತ್ತೆ ಹಳೇಡೀಸೆಲ್ ಸರ್, ಮುಂದೆ ಹೊಸ ಡೀಸೆಲ್ ತಗೊಂಡರೆ ಒಂದು ಗಮನಿಸಿ. ಸೈಲೆನ್ಸರ್‌ನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದ್ದರೆ ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಸಿ ಸಾಲಿನ ಆಯಿಲ್ ಬೇಕು. ಆಯಿಲ್‌ನಲ್ಲಿರುವ ಲೋಹದ ಸೇರ್ಪಡೆಗಳು ಉರಿದು ಬೂದಿಯಾಗಿ ಅಲ್ಲಿ ಕೂರುತ್ತವೆ. ಮಸಿ ಸುಡಬಹುದು, ಬೂದಿ ಸುಡಲಾಗದು. ಸಿ3ರಲ್ಲಿ ಬೂದಿ 0.8 ಶೇಕಡ ದಾಟುವ ಹಾಗಿಲ್ಲ. ಆ ಗಾಡಿಗಳನ್ನು ಊರೊಳಗೇ ಓಡಿಸಿದರೆ ಮಸಿ ಸುಡುವ ಕೆಲಸ ಅರ್ಧಕ್ಕೆ ನಿಂತು ಡೀಸೆಲ್ ಕೆಳಗಿಳಿದು ಅಲ್ಲೂ ಮಟ್ಟ ಏರುತ್ತದೆ.

ಒದ್ದೆ_ಕ್ಲಚ್

ಗುರೂ, ನಡುವೆ ಬಾಯಿ ಹಾಕ್ತಿದೀನಿ. ಅಣ್ಣನ ಕಾರಿಗೆ ಹಾಕಿ ಮಿಕ್ಕಿದ್ದ ಎಸ್‌ಪಿ 5ಡಬ್ಲ್ಯೂ-30 ಫುಲ್ ಸಿಂಥೆಟಿಕ್ಕು ನನ್ನ ಬೈಕಿಗೆ ಸುರ್ಕೊಂಡೆ. ಒಳ್ಳೇ ಆಯಿಲ್ ಅಲ್ವಾ, ವೇಸ್ಟ್ ಯಾಕೆ ಅಂತ. ಈಗ ನಾಲ್ಕನೇ ಗೇರಲ್ಲಿ ಆಕ್ಸಿಲರೇಟರ್ ತಿರುವಿದ್ರೆ ಎಂಜಿನ್ ಕೂಗುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಕ್ಲಚ್ ಪ್ಲೇಟ್ ಹೋಯ್ತಾ?

ಗ್ರೀಸ್‌ಕೈ

ಹೆಸರೇ ಒದ್ದೆ ಕ್ಲಚ್ ಅಂತ ಇಟ್ಕೊಂಡು ಈ ಕೆಲಸ ಮಾಡಿದೀಯಲ್ಲೋ ಮಾರಾಯ.

ಬೈಕಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕಾರಿನ ಆಯಿಲಲ್ಲಿ ಉಜ್ಜಾಟ ಕಡಿಮೆ ಮಾಡೋ ಔಷಧಿ ಹಾಕಿರ್ತಾರೆ, ಕ್ಲಚ್ ಪ್ಲೇಟ್‌ಗೆ ಉಜ್ಜಾಟವೇ ಊಟ. ಡಬ್ಬದ ಮೇಲೆ ಜಾಸೊ (ಜಪಾನಿನ ವಾಹನ ಮಾನದಂಡ) ಎಂಎ ಅಥವಾ ಎಂಎ2 ಇದೆಯಾ ನೋಡ್ಬೇಕು. ಎಂಬಿ ಅಂತಿದ್ರೆ ಅದು ಒದ್ದೆ ಕ್ಲಚ್ ಇಲ್ಲದ ಸ್ಕೂಟರ್‌ಗೆ. ಇವತ್ತೇ ಇಳಿಸು, ಎಂಎ2 ಹಾಕು, ಇನ್ನೂರು ಕಿಲೋಮೀಟರ್ ನಿಧಾನಕ್ಕೆ ಓಡ್ಸು. ಬಹಳ ದಿನ ಸ್ಲಿಪ್ ಆಗಿಲ್ಲ ಅಂದ್ರೆ ಪ್ಲೇಟ್ ಉಳಿಯುತ್ತೆ. ಸುಟ್ಟ ವಾಸನೆ ಬಂದಿದ್ರೆ ಬಿಚ್ಚಿ ನೋಡ್ಬೇಕು.

ಲೆಕ್ಕದ_ಪುಸ್ತಕ

ಎರಡನೇ ಗೇರು ಅವರೇ, ನಿಮ್ಮ ಪ್ರಶ್ನೆಗೆ ನಾನು ಬೇರೆ ದಾರಿಯಿಂದ ಉತ್ತರ ಹುಡುಕಿದ್ದೆ. ಯಾರ ಮಾತನ್ನೂ ನಂಬಲಾಗದೆ, ಇಳಿಸಿದ ಆಯಿಲ್‌ನ ಮಾದರಿಯನ್ನು ಪರೀಕ್ಷೆಗೆ ಕಳಿಸಿದೆ. ನೂರು ಮಿಲಿಲೀಟರ್ ಸಾಕು. ಒಂದೇ ಕಿವಿಮಾತು: ಮೊದಲು ಬೀಳುವ ಆಯಿಲ್ ಹಿಡಿಯಬೇಡಿ, ತಳದ ಕೊಳೆಯೆಲ್ಲ ಅದರಲ್ಲಿ ಬರುತ್ತದೆ. ಅರ್ಧ ಹರಿದ ಮೇಲೆ ಧಾರೆಯ ಮಧ್ಯದಿಂದ ಹಿಡಿಯಿರಿ. ನಾನು ಮೊದಲ ಸಲ ಗಾಬರಿಯಲ್ಲಿ ಬಾಟಲಿ ಬಕೆಟ್ಟಿಗೇ ಬೀಳಿಸಿದ್ದೆ.

ವರದಿಯಲ್ಲಿ ಯಾವ ಲೋಹ ಎಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಅಂತ ಬರುತ್ತದೆ. ಕಬ್ಬಿಣ ಹೆಚ್ಚಿದ್ದರೆ ಸಿಲಿಂಡರ್, ಗೇರ್, ಚೈನ್ ಕಡೆಯ ಸವೆತ. ತಾಮ್ರ, ಸೀಸ ಇದ್ದರೆ ಬೇರಿಂಗ್ ಕಡೆ ನೋಡಬೇಕು. ಸೋಡಿಯಂ, ಪೊಟ್ಯಾಸಿಯಂ ಏರಿದರೆ ಕೂಲಂಟ್ ಸೋರಿಕೆಯ ಅನುಮಾನ. ಸಿಲಿಕಾನ್ ಅಂದರೆ ಸಾಮಾನ್ಯವಾಗಿ ಧೂಳು.

ನನ್ನ ಎರಡನೇ ವರದಿಯಲ್ಲಿ ಸಿಲಿಕಾನ್ 11ರಿಂದ 42ಕ್ಕೆ ಹಾರಿತ್ತು, ಜೊತೆಗೆ ಕಬ್ಬಿಣವೂ. ಆಯಿಲ್ ಸರಿಯಿಲ್ಲ ಅಂದುಕೊಂಡೆ. ಏರ್ ಫಿಲ್ಟರ್ ಪೆಟ್ಟಿಗೆ ತೆಗೆದು ನೋಡಿದರೆ ಹಿಂದಿನ ಸರ್ವಿಸ್‌ನಲ್ಲಿ ಫಿಲ್ಟರ್‌ನ ರಬ್ಬರ್ ಅಂಚು ಮಡಚಿಕೊಂಡೇ ಕೂತಿತ್ತು. ಒಂದು ಕಿರುಬೆರಳು ತೂರುವಷ್ಟು ಸಂದಿ. ಅದರ ಪಕ್ಕದ ಪ್ಲಾಸ್ಟಿಕ್ ಮೇಲೆ ನಯವಾದ ಕೆಂಪು ಧೂಳಿನ ಗೆರೆ. ಎಂಜಿನ್ ಹತ್ತು ತಿಂಗಳು ಮರಳುಕಾಗದ ಉಸಿರಾಡಿತ್ತು! ಜಗತ್ತಿನ ಯಾವ ಸಿಂಥೆಟಿಕ್ ಹಾಕಿದ್ದರೂ ಅದನ್ನು ತಡೆಯುತ್ತಿರಲಿಲ್ಲ.

ನಿಧಾನ_ಸವಾರ

ಪರೀಕ್ಷೆ ಗಿರೀಕ್ಷೆ ಯಾಕೆ? ಬೆರಳಿಗೆ ಹಚ್ಚಿ ನೋಡಿದ್ರೆ ಗೊತ್ತಾಗುತ್ತೆ. ಕಪ್ಪಾದ್ರೆ ಹೋಯ್ತು ಅಂತ ಅರ್ಥ.

ಗ್ರೀಸ್‌ಕೈ

ಇಲ್ಲ ಸರ್. ಡೀಸೆಲ್‌ಗೆ ಹೊಸ ಆಯಿಲ್ ಹಾಕಿ ಒಂದು ರೌಂಡ್ ಹೋಗಿ ಬನ್ನಿ, ಕಪ್ಪಾಗಿರುತ್ತೆ. ಮಸಿಯನ್ನ ತನ್ನೊಳಗೆ ಎತ್ತಿ ಹಿಡ್ಕೊಂಡಿದೆ ಅಂತ ಅರ್ಥ, ಅದರ ಕೆಲಸ ಅದೇ. ಎರಡು ವರ್ಷ ಆದ್ರೂ ಜೇನು ಬಣ್ಣದಲ್ಲೇ ಇದ್ರೆ ನನಗೆ ಅನುಮಾನ, ಕೊಳೆ ಎಲ್ಲಿ ಹೋಗಿ ಕೂತಿದೆ ಅಂತ.

ಬೆರಳಲ್ಲಿ ಉಜ್ಜಿದ್ರೆ ಕಣ ಕಣ ಸಿಕ್ತು ಅಂದ್ರೆ, ಲೋಹ ಮಿಂಚ್ತು ಅಂದ್ರೆ ಅದು ಬೇರೆ ಮಾತು. ಬಣ್ಣದಿಂದ ಮಾತ್ರ ತೀರ್ಪು ಕೊಡ್ಬೇಡಿ.

ಸುಮ್ನೆ_ಓದಾಂವ

ನನ್ನ ಗಾಡಿ ಸ್ಕ್ರೀನ್ ಮ್ಯಾಲ ಆಯಿಲ್ ಲೈಫ್ 60 ಪರ್ಸೆಂಟ್ ಅಂತ ತೋರಸ್ತದ. ಅದನ್ನ ನಂಬಬೋದಾ?

ಲ್ಯಾಬ್‌ಕೋಟು

ಬಹುಪಾಲು ಗಾಡಿಗಳಲ್ಲಿ ಅದು ಆಯಿಲ್ ಮುಟ್ಟಿ ನೋಡುವುದಿಲ್ಲ. ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿ ಇತ್ತು, ಎಷ್ಟು ಸಲ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದಿರಿ ಅಂತ ಲೆಕ್ಕ ಹಾಕಿ ಊಹಿಸುತ್ತದೆ. ಊಹೆ ಕೆಟ್ಟದ್ದಲ್ಲ, ಬರೀ ಕಿಲೋಮೀಟರ್‌ಗಿಂತ ವಾಸಿ. ಆದರೆ ಫಿಲ್ಟರ್ ಸಂದಿಯಿಂದ ಧೂಳು ಬಂದರೆ, ಯಾರೋ ತಪ್ಪು ಆಯಿಲ್ ಹಾಕಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಬಟನ್ ಒತ್ತಿದರೆ ಹಳೇ ಆಯಿಲ್‌ಗೂ 100 ಅಂತ ತೋರಿಸುತ್ತದೆ!

ಅಂದ ಹಾಗೆ ಎರಡನೇ ಗೇರು ಅವರೇ, ನಿಮ್ಮ ಪುಸ್ತಕದಲ್ಲಿ 10,000 ಅಂತ ಬರೆದ ಪುಟದ ಹಿಂದೆ ಮುಂದೆ "ಕಠಿಣ ಬಳಕೆ" ಅಂತ ಇನ್ನೊಂದು ಕೋಷ್ಟಕ ಇರಬೇಕು, ಸಣ್ಣ ಅಕ್ಷರದಲ್ಲಿ. ಹುಡುಕಿ.

ಎರಡನೇ_ಗೇರು

ಸಿಕ್ತು ಸರ್! ಏಳು ಪುಟ ಬಿಟ್ಟು ಮುಂದೆ ಇದೆ. ಚಿಕ್ಕ ಚಿಕ್ಕ ಓಟ, ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗೋದು, ಧೂಳು ರಸ್ತೆ, ಭಾರ ಎಳೆಯೋದು: ಇದರಲ್ಲಿ ಯಾವುದಾದರೂ ಇದ್ರೆ 5,000 ಕಿ.ಮೀ. ಅಥವಾ ಆರು ತಿಂಗಳು ಅಂತಿದೆ. ನಂದು ಮೊದಲ ಎರಡೂ. ಮಾವನವರು ಪುಸ್ತಕ ಓದ್ದೇನೇ ಸರಿಯಾಗಿ ಹೇಳಿದ್ರು, ಥೂ.

ಈ ಭಾನುವಾರ ನಾನೇ ಬದಲಾಯಿಸೋಣ ಅಂತಿದೀನಿ. ಎಂಜಿನ್ ಫ್ಲಶ್ ಹಾಕ್ಬೇಕಾ? ಕೌಂಟರಲ್ಲಿ ಪ್ರತಿ ಸಲ ಕೇಳ್ತಾರೆ.

ಗ್ರೀಸ್‌ಕೈ

ಫ್ಲಶ್ ಬೇಡ. ನಿಮ್ಮದು ಸರಿಯಾಗಿ ಸರ್ವಿಸ್ ಆದ ಗಾಡಿ, ತೊಳೆಯೋಕೆ ಅಲ್ಲೇನಿದೆ? ತಿಂಗಳು ತಿಂಗಳು ಕೂತ ಹಳೇ ಕೊಳೆ ಒಮ್ಮೆಲೇ ಎದ್ದು ಜಾಲರಿಗೆ ಹೋದ್ರೆ ಅದೇ ಇನ್ನೊಂದು ತಲೆನೋವು. ಆಡಿಟಿವ್ ಬಾಟ್ಲಿನೂ ಬೇಡ.

ಎಂಜಿನ್ ಬೆಚ್ಚಗಿರ್ಬೇಕು, ಕುದೀತಿರಬಾರದು, ಕೈ ಸುಡ್ತೀರಿ. ಬರೀ ಜಾಕ್ ಮೇಲೆ ನಿಲ್ಸಿ ಕೆಳಗೆ ನುಗ್ಬೇಡಿ, ಸ್ಟ್ಯಾಂಡ್ ಕೊಡಿ. ಹೊಸ ಫಿಲ್ಟರ್‌ನ ರಬ್ಬರ್ ರಿಂಗ್‌ಗೆ ಬೆರಳಲ್ಲಿ ಆಯಿಲ್ ಸವರಿ. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಿಂಗ್ ಎಂಜಿನ್‌ಗೇ ಅಂಟಿ ಉಳಿದಿದ್ಯಾ ನೋಡಿ. ಎರಡು ರಿಂಗ್ ಮೇಲೆ ಫಿಲ್ಟರ್ ಕೂತ್ರೆ ಸ್ಟಾರ್ಟ್ ಮಾಡಿದ ಕ್ಷಣದಲ್ಲೇ ಇಡೀ ಆಯಿಲ್ ನೆಲದ ಮೇಲೆ. ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್. ಬೋಲ್ಟ್‌ನ ಸಿಟ್ಟಲ್ಲಿ ಬಿಗೀಬೇಡಿ, ಸಂಪ್ ಅಲ್ಯುಮಿನಿಯಂ ಆಗಿದ್ರೆ ಥ್ರೆಡ್ ಕಿತ್ತು ಬರುತ್ತೆ. ಮೇಲಿನ ಗೆರೆ ದಾಟಿಸಬೇಡಿ, ಜಾಸ್ತಿ ಆದ್ರೆ ಕ್ರ್ಯಾಂಕ್ ಕಡೆದು ನೊರೆ ಮಾಡುತ್ತೆ, ನೊರೆ ಪಂಪ್‌ಗೆ ಹೋದ್ರೆ ಪ್ರೆಶರ್ ಇರಲ್ಲ. ಬಿಲ್ಲು, ದಿನಾಂಕ, ಕಿ.ಮೀ. ಎಲ್ಲಾ ಬರೆದಿಡಿ, ವಾರಂಟಿ ಇದ್ರೆ ನಾಳೆ ಕೇಳ್ತಾರೆ. ಹಳೇ ಆಯಿಲ್ ಮೋರಿಗೆ ಸುರಿಯೋ ಜನ ಇದಾರೆ, ನೀವು ಹಂಗೆ ಮಾಡ್ಬೇಡಿ. ಡಬ್ಬಕ್ಕೆ ತುಂಬಿಸಿ, ಹಳೇ ಆಯಿಲ್ ತಗೊಳೋ ಕಡೆ ಕೊಡಿ.

ಹಳೇಡೀಸೆಲ್

ನೋಡಿ, ಒಂದು ಮಾತು. ಬಹಳ ಓಡಿದ ಎಂಜಿನ್‌ಗೆ ಸಿಂಥೆಟಿಕ್ ಹಾಕಿದರೆ ಸೀಲ್‌ಗಳಿಂದ ಸೋರುತ್ತದೆ ಅಂತ ನನಗೂ ಹೆದರಿಸಿದ್ದರು. ಸೋರಲಿಲ್ಲ. ಅದಾದರೂ ಸುಳ್ಳು ತಾನೇ?

ಲ್ಯಾಬ್‌ಕೋಟು

ಈಗ ಹೆಚ್ಚುಕಡಿಮೆ ಸುಳ್ಳು. ಶುರುವಿನ ಕಾಲದ ಪಿಎಒ ಆಯಿಲ್‌ಗಳು ರಬ್ಬರ್ ಸೀಲ್‌ಗಳನ್ನು ಸ್ವಲ್ಪ ಕುಗ್ಗಿಸುತ್ತಿದ್ದವು, ಆಗ ಹುಟ್ಟಿದ ಮಾತು. ಆಮೇಲೆ ಎಸ್ಟರ್ ಬೆರೆಸಿ ಸರಿಮಾಡಿದರು. ಸೀಲ್ ಮೊದಲೇ ಸವೆದಿದ್ದು, ಅದರ ಬಾಯಿಗೆ ಕೊಳೆ ಮೆತ್ತಿಕೊಂಡು ಸೋರಿಕೆ ನಿಂತಿದ್ದರೆ ಮಾತ್ರ ಹೊಸ ಆಯಿಲ್ ಆ ಕೊಳೆ ತೊಳೆದು ಬಣ್ಣ ಬಯಲು ಮಾಡುತ್ತದೆ. ನಿಮ್ಮ ಸೀಲ್ ಚೆನ್ನಾಗಿತ್ತು ಅಂತ ಅರ್ಥ ಸರ್.

ಒದ್ದೆ_ಕ್ಲಚ್

ಅಪ್ಡೇಟ್: ಎಂಎ2 ಹಾಕ್ದೆ. ಮೊದಲ ಐವತ್ತು ಕಿಲೋಮೀಟರ್ ಹಾಗೇ ಇತ್ತು, ಆಮೇಲೆ ಹಿಡಿಯೋಕೆ ಶುರುವಾಯ್ತು. ಪ್ಲೇಟ್ ಉಳೀತು. ಗ್ರೀಸ್‌ಕೈ ಅಣ್ಣಂಗೆ ಸಾಷ್ಟಾಂಗ.

ಎರಡನೇ_ಗೇರು

ಮುಗಿಸಿದೆ. ಅರ್ಧ ಗಂಟೆ ಕೆಲಸ ಅಂದ್ಕೊಂಡಿದ್ದೆ, ನನಗೆ ಮೂರು ಗಂಟೆ ಆಯ್ತು.

ಹೋದ ಸರ್ವಿಸ್ ಬಿಲ್ಲಲ್ಲಿ ಫಿಲ್ಟರ್ ಸೇರಿ 3.8 ಲೀಟರ್ ಹಾಕಿದೀವಿ ಅಂತಿದೆ. ಹೊರಗೆ ಬಂದಿದ್ದನ್ನ ಅಳತೆ ಜಗ್ಗಲ್ಲಿ ಅಳೆದೆ, 3.9 ದಾಟ್ತು. ಒಳಗೆ ಒಂದಿಷ್ಟು ಅಂಟ್ಕೊಂಡು ಉಳಿದಿರುತ್ತೆ, ಆದ್ರೂ ಹಾಕಿದ್ದಕ್ಕಿಂತ ಹೆಚ್ಚು ಬಂತು! ಹೊಸ ಆಯಿಲ್ ಜೇನಿನ ಹಾಗೆ ಇಳೀತಿತ್ತು, ಹಳೇದು ನೀರಿನ ಥರ ಪಿಚಕ್ ಅಂತ ಹಾರಿ ಅಂಗಿ ತೋಳೆಲ್ಲ ಆಯ್ತು. ಇಡೀ ಮನೆ ಪೆಟ್ರೋಲ್ ವಾಸನೆ.

ಎಸ್‌ಪಿ, 5ಡಬ್ಲ್ಯೂ-30, ಪುಸ್ತಕದಲ್ಲಿರೋ ಅದೇ ಅನುಮೋದನೆ ಸಂಖ್ಯೆ ಡಬ್ಬದ ಮೇಲೆ ನೋಡ್ಕೊಂಡೇ ತಂದೆ. ಇನ್ಮೇಲೆ ಆರು ತಿಂಗಳಿಗೆ ಒಂದ್ಸಲ, ಕಿಲೋಮೀಟರ್ ಎಷ್ಟೇ ಆಗ್ಲಿ. ವಾರಕ್ಕೊಂದು ದಿನ ಬೆಳಿಗ್ಗೆ ನಲವತ್ತು ನಿಮಿಷ ರಿಂಗ್ ರೋಡಲ್ಲಿ ಓಡ್ಸಿ ಬರ್ತೀನಿ. ಲೆಕ್ಕದ ಪುಸ್ತಕ ಮೇಡಂ ಹೇಳಿದ್ದು ಓದಿ ಏರ್ ಫಿಲ್ಟರೂ ತೆಗೆದು ನೋಡಿದೆ, ಸರಿಯಾಗಿ ಕೂತಿದೆ.

ಗ್ರೀಸ್‌ಕೈ

ಭೇಷ್. ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್ ಹಾಕಿದ್ರಾ?

ಎರಡನೇ_ಗೇರು

...ಹಳೇದೇ ಹಾಕ್ದೆ. ಹೊಸದು ತರೋದು ಮರೆತೋಯ್ತು.

ಈಗ ಟಾರ್ಚ್ ಹಿಡ್ಕೊಂಡು ಕೆಳಗೆ ಬಗ್ಗಿ ನೋಡಿದೆ. ರಟ್ಟಿನ ಮೇಲೆ ಹನಿ ಬಿದ್ದಿದೆ. ಸಣ್ಣದು. ಎರಡು.